ಸುಧಾರಣೆ, ಸಿದ್ಧಾಂತ ಮತ್ತು ಸಭೆಯ ಅಧಿಕಾರ: ವಿಟೆನ್‌ಬರ್ಗ್‌ನಿಂದ ಟ್ರೆಂಟ್‌ವರೆಗೆ

ಕ್ರೈಸ್ತ ಮತಸುಧಾರಣೆಯನ್ನು ಕುರಿತ ಕನ್ನಡ ಬರಹಗಳಲ್ಲಿ ಒಂದು ಚಿತ್ರ ಬಹುಮಟ್ಟಿಗೆ ಸ್ಥಿರಗೊಂಡಿದೆ. ಒಂದು ಕಡೆ ರೋಮಿನ ಗುರುಪೀಠ, ಅದರ ಐಶ್ವರ್ಯ, ಪಾಪಕ್ಷಮಾಪಣಾ ಪತ್ರಗಳ ವ್ಯಾಪಾರ. ಇನ್ನೊಂದು ಕಡೆ ತನ್ನ ಅಂತಃಸಾಕ್ಷಿಯನ್ನಷ್ಟೇ ನೆಚ್ಚಿ ನಿಂತ ಒಬ್ಬ ಸಂನ್ಯಾಸಿ. ಶಾಲೆಯ ಚರಿತ್ರೆಯ ಪಾಠದಿಂದ ಹಿಡಿದು ವಚನಸಾಹಿತ್ಯದ ವಿಮರ್ಶೆಯವರೆಗೆ ಈ ಚಿತ್ರ ಹರಡಿದೆ. ಬಸವಣ್ಣನವರನ್ನು 'ಕರ್ನಾಟಕದ ಲೂಥರ್' ಎಂದು ಬಣ್ಣಿಸುವ ವಸಾಹತುಶಾಹಿ ಕಾಲದ ರೂಢಿಯೂ ಇದನ್ನೇ ಆಧರಿಸಿದೆ. ಈ ಚಿತ್ರದಲ್ಲಿ ಸಿದ್ಧಾಂತವೂ ಸಭೆಯ ಅಧಿಕಾರವೂ ಒಂದೇ ಪಕ್ಷಕ್ಕೆ ಸೇರಿದವು. ಎರಡೂ ಸುಧಾರಣೆಗೆ ಅಡ್ಡವಾಗಿ ನಿಂತ ಗೋಡೆಗಳು. ಅವು ಕುಸಿದಷ್ಟೂ ಸುಧಾರಣೆ ಮುಂದುವರಿಯಿತೆಂಬುದು ಇದರ ಹಿಂದಿರುವ ತರ್ಕ.

ಹದಿನಾರನೆಯ ಶತಮಾನದ ಸಂಗತಿಗಳೆದುರು ಈ ತರ್ಕ ನಿಲ್ಲುವುದಿಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು. ಸಿದ್ಧಾಂತ ಬೇರೆ, ಅಧಿಕಾರ ಬೇರೆ. ಅವು ಕೂಡಿ ನಡೆದ ಸಂದರ್ಭಗಳಿಗಿಂತ ಒಂದನ್ನೊಂದು ತಡೆದು ನಿಲ್ಲಿಸಿದ ಸಂದರ್ಭಗಳೇ ಸಂಶೋಧಕನಿಗೆ ಹೆಚ್ಚು ಮುಖ್ಯವಾಗಬೇಕು. ತಾನು ಏನನ್ನು ನಂಬುತ್ತೇನೆಂಬುದನ್ನು ಬರೆದುಕೊಡುವುದು ಯಾವ ಪೀಠಕ್ಕೂ ಅಷ್ಟೇನೂ ಹಿತವಾದ ಕೆಲಸವಲ್ಲ; ಬರೆದುಕೊಟ್ಟ ಮಾತು ಪೀಠದಲ್ಲಿ ಕುಳಿತವರನ್ನೂ ಕಟ್ಟಿಹಾಕುತ್ತದೆ. ಹಾಗೆ ಕಟ್ಟಿಹಾಕಲು ನಡೆದ ಯತ್ನಗಳ, ಆ ಕಟ್ಟನ್ನು ಬಿಡಿಸಿಕೊಳ್ಳಲು ನಡೆದ ಯತ್ನಗಳ ಕಥನವಾಗಿಯೂ ಮತಸುಧಾರಣೆಯನ್ನು ಓದಬಹುದು. ಇಲ್ಲಿ 'ಸಭೆ' ಎಂಬುದನ್ನು ಕನ್ನಡ ಕ್ರೈಸ್ತರ ರೂಢಿಯಂತೆ ಕ್ರೈಸ್ತ ಸಮುದಾಯ ಹಾಗೂ ಅದರ ಸಂಸ್ಥೆ ಎಂಬ ಅರ್ಥದಲ್ಲಿಯೂ, 'ಮಹಾಸಭೆ' ಎಂಬುದನ್ನು ಬಿಷಪ್ಪರುಗಳ ಸಮಾವೇಶವೆಂಬ ಅರ್ಥದಲ್ಲಿಯೂ ಬಳಸಿದೆ.

1517ರ ಅಕ್ಟೋಬರ್ 31ರಂದು ಲೂಥರ್ ತೊಂಬತ್ತೈದು ವಿಚಾರಸೂತ್ರಗಳನ್ನು ಮುಂದಿಟ್ಟಾಗ ಆತ ಬರಿಯ ಸಂನ್ಯಾಸಿಯಾಗಿರಲಿಲ್ಲ. 1512ರಿಂದ ದೇವತಾಶಾಸ್ತ್ರದ ಡಾಕ್ಟರ್, ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯದ ಅಧ್ಯಾಪಕ. ಸೂತ್ರಗಳು ಲ್ಯಾಟಿನ್ನಿನಲ್ಲಿದ್ದವು, ವಿದ್ವತ್‌ಚರ್ಚೆಯ ರೂಪದಲ್ಲಿದ್ದವು. ಪತ್ರಗಳ ಮಾರಾಟದಿಂದ ಬಂದ ಹಣದಲ್ಲಿ ಒಂದು ಪಾಲು ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೂ ಇನ್ನೊಂದು ಪಾಲು ಮೈನ್ಸಿನ ಆರ್ಚ್‌ಬಿಷಪ್ ಆಲ್ಬ್ರೆಖ್ಟ್ ಫುಗ್ಗರ್ ಮನೆತನದಿಂದ ಮಾಡಿದ್ದ ಸಾಲ ತೀರಿಸುವುದಕ್ಕೂ ಹೋಗುತ್ತಿತ್ತೆಂಬುದು ನಮ್ಮ ಪಠ್ಯಗಳಲ್ಲಿಯೂ ಬರುವ ಸಂಗತಿ. ಅವು ಹೇಳದೆ ಬಿಡುವ ಸಂಗತಿ ಇನ್ನೊಂದಿದೆ. ಆ ಪತ್ರ ಸತ್ತವರ ಆತ್ಮಕ್ಕೆ ನಿಜವಾಗಿ ಏನು ಮಾಡುತ್ತದೆ ಎಂಬ ಬಗ್ಗೆ ಸಭೆಯಲ್ಲಿ ಆಗ ಖಚಿತವಾದ ನಿರೂಪಣೆಯೇ ಇರಲಿಲ್ಲ. ಸತ್ತವರಿಗೂ ಅದು ಸಲ್ಲುತ್ತದೆಂದು ನಾಲ್ಕನೆಯ ಸಿಕ್ಸ್ಟಸ್ 1476ರಲ್ಲಿ ವಿಸ್ತರಿಸಿದ್ದನು; ಹೇಗೆ ಸಲ್ಲುತ್ತದೆಂಬುದು ಪಂಡಿತರ ವಾದಕ್ಕೆ ಬಿಟ್ಟ ವಿಷಯವಾಗಿಯೇ ಉಳಿದಿತ್ತು. ಹತ್ತನೆಯ ಲಿಯೋ ಈ ಬಗ್ಗೆ ಅಧಿಕೃತ ನಿರೂಪಣೆಯನ್ನು ಹೊರಡಿಸಿದ್ದು 1518ರ ನವೆಂಬರಿನಲ್ಲಿ, ಎಂದರೆ ಸೂತ್ರಗಳು ಬಂದು ಒಂದು ವರ್ಷ ಕಳೆದ ಮೇಲೆ. ಆಚರಣೆ ಮೊದಲು, ಹಣ ಮೊದಲು, ಸಿದ್ಧಾಂತ ಕೊನೆಗೆ. ಲೂಥರನ ಮೊದಲ ಆಕ್ಷೇಪ ಸಿದ್ಧಾಂತ ಹೆಚ್ಚಾಯಿತೆಂಬುದಲ್ಲ, ಅದು ಕಡಿಮೆಯಾಯಿತೆಂಬುದು.

ಉತ್ತರ ಬಂದದ್ದು ಬೇರೆ ದಿಕ್ಕಿನಿಂದ. ಪೋಪರ ಅರಮನೆಯ ಅಧಿಕೃತ ದೇವತಾಶಾಸ್ತ್ರಜ್ಞನಾಗಿದ್ದ ಸಿಲ್ವೆಸ್ಟರ್ ಪ್ರಿಯೇರಿಯಸ್ 1518ರ ತನ್ನ ಸಂವಾದಗ್ರಂಥದಲ್ಲಿ ಪತ್ರಗಳ ಪ್ರಶ್ನೆಯನ್ನು ಬದಿಗೆ ಸರಿಸಿ, ರೋಮಿನ ಸಭೆ ಮಾಡುವುದನ್ನು ತಪ್ಪೆನ್ನುವವನು ಪಾಷಂಡಿ ಎಂಬ ತೀರ್ಪಿನಿಂದಲೇ ವಾದ ಆರಂಭಿಸಿದನು. ಆ ಹೊತ್ತಿನಿಂದ ವಾದದ ವಸ್ತುವೇ ಬದಲಾಯಿತು. ಅದೇ ಅಕ್ಟೋಬರಿನಲ್ಲಿ ಆಗ್ಸ್‌ಬರ್ಗಿನಲ್ಲಿ ಲೂಥರನನ್ನು ವಿಚಾರಿಸಿದ ಕಾರ್ಡಿನಲ್ ಕಜೆತಾನ್ ಇದಕ್ಕಿಂತ ಬಹಳ ಸೂಕ್ಷ್ಮಜ್ಞ. ಸಂಸ್ಕಾರವನ್ನು ಪಡೆಯುವವನು ತನಗೆ ಕ್ಷಮೆ ದೊರೆತಿದೆಯೆಂದು ನಿಶ್ಚಯವಾಗಿ ನಂಬಬೇಕೆಂಬ ಲೂಥರನ ಮಾತಿನಲ್ಲಿ ಹೊಸದೊಂದು ಸಭೆಯನ್ನೇ ಕಟ್ಟುವ ಬೀಜವಿದೆಯೆಂದು ಗುರುತಿಸಿದವನು ಅವನು. ಪ್ರಿಯೇರಿಯಸ್ ಅಧಿಕಾರವನ್ನು ಮಾತ್ರ ಕಂಡ, ಕಜೆತಾನ್ ಸಿದ್ಧಾಂತವನ್ನು ಕಂಡ. ರೋಮು ಮೊದಲನೆಯವನ ದಾರಿಯನ್ನೇ ಹಿಡಿಯಿತೆಂಬುದು ಆ ಕಾಲದ ದುರಂತಗಳಲ್ಲಿ ಒಂದು ಎಂದು ಈ ಲೇಖಕನಿಗೆ ತೋರುತ್ತದೆ.

1519ರ ಲೈಪ್ಸಿಗ್ ವಾದದಲ್ಲಿ ಯೋಹಾನ್ ಎಕ್ ಲೂಥರನನ್ನು ಸಿಕ್ಕಿಸಿದ್ದೂ ಅಧಿಕಾರದ ಪ್ರಶ್ನೆಯಲ್ಲಿಯೇ. ಬೊಹೀಮಿಯದ ಯಾನ್ ಹುಸ್‌ನನ್ನು ಖಂಡಿಸಿದ ಕಾನ್‌ಸ್ಟನ್ಸ್ ಮಹಾಸಭೆ ತಪ್ಪಿತೆಂದು ಒಪ್ಪಿಕೊಳ್ಳದೆ ಲೂಥರನಿಗೆ ಗತ್ಯಂತರವಿರಲಿಲ್ಲ. ಆ ಮಹಾಸಭೆಯ ಕಥೆ ನಮ್ಮ ಚರ್ಚೆಗೆ ಬಹಳ ಸಲ್ಲುತ್ತದೆ. ಏಕಕಾಲಕ್ಕೆ ಮೂವರು ಪೋಪರಿದ್ದ ಅವಸ್ಥೆಯನ್ನು ಕೊನೆಗಾಣಿಸಲು 1414ರಲ್ಲಿ ಸೇರಿದ ಅದು 1415ರ ಏಪ್ರಿಲಿನಲ್ಲಿ ತನ್ನ ಅಧಿಕಾರ ನೇರವಾಗಿ ಕ್ರಿಸ್ತನಿಂದ ಬಂದದ್ದು, ಪೋಪನೂ ಅದಕ್ಕೆ ಬದ್ಧನೆಂದು ಘೋಷಿಸಿತು. ಪೀಠದ ಮೇಲೆ ಇಷ್ಟು ದೊಡ್ಡ ಕಡಿವಾಣ ಹಿಂದೆ ಬಿದ್ದಿರಲಿಲ್ಲ. ಅದೇ ಮಹಾಸಭೆ ಅದೇ ವರ್ಷದ ಜುಲೈ 6ರಂದು ಹುಸ್‌ನನ್ನು ಸುಡಲು ಒಪ್ಪಿಸಿತು. ಅಧಿಕಾರವನ್ನು ಒಬ್ಬನ ಕೈಯಿಂದ ಹಲವರ ಕೈಗೆ ಕೊಟ್ಟ ಮಾತ್ರಕ್ಕೆ ಭಿನ್ನಮತದವನು ಸುರಕ್ಷಿತನಾಗುವುದಿಲ್ಲ. ಮಹಾಸಭೆಗಳು ನಿಯತವಾಗಿ ಸೇರಬೇಕೆಂದು 1417ರಲ್ಲಿ ಅದು ಮಾಡಿದ ವಿಧಿಯೂ ನಿಲ್ಲಲಿಲ್ಲ. 1460ರಲ್ಲಿ ಎರಡನೆಯ ಪಯಸ್ ಪೋಪನ ತೀರ್ಪಿನಿಂದ ಮಹಾಸಭೆಗೆ ಮೇಲ್ಮನವಿ ಹೋಗುವುದನ್ನೇ ನಿಷೇಧಿಸಿದನು. ಇನ್ನು ಐದನೆಯ ಲ್ಯಾಟರನ್ ಮಹಾಸಭೆ 1512ರಿಂದ ಸೇರಿ ಸುಧಾರಣೆಯ ಹಲವು ವಿಧಿಗಳನ್ನು ಹೊರಡಿಸಿ 1517ರ ಮಾರ್ಚಿನಲ್ಲಿ ಮುಗಿಯಿತು. ಲೂಥರನ ಸೂತ್ರಗಳಿಗೆ ಏಳೇ ತಿಂಗಳು ಬಾಕಿಯಿದ್ದವು. ವಿಧಿಗಳು ಕಾಗದದಲ್ಲಿ ಉಳಿದವು.

ಹಾಗಾದರೆ ಸುಧಾರಕರ ಪಾಳೆಯದಲ್ಲಿ ಅಧಿಕಾರ ಏನಾಯಿತು? 1521ರ ಏಪ್ರಿಲ್ 18ರಂದು ವರ್ಮ್ಸ್‌ನಲ್ಲಿ ಚಕ್ರವರ್ತಿಯೆದುರು ನಿಂತ ಲೂಥರನ ದೃಶ್ಯಕ್ಕೆ ನಮ್ಮ ಬರಹಗಳು ಕೊಡುವ ಸ್ಥಳದಲ್ಲಿ ಹತ್ತನೆಯ ಒಂದು ಪಾಲನ್ನೂ ನಂತರದ ಹತ್ತು ವರ್ಷಗಳಿಗೆ ಕೊಡುವುದಿಲ್ಲ. ಆತನ ಅಂತಃಸಾಕ್ಷಿ ಸ್ವತಂತ್ರವಾದುದೆಂದು ಆತನೇ ಹೇಳಿಕೊಂಡಿರಲಿಲ್ಲ, ದೇವರ ವಾಕ್ಯಕ್ಕೆ ಕಟ್ಟುಬಿದ್ದದ್ದೆಂದಿದ್ದ. ಆ ವಾಕ್ಯದ ಅರ್ಥವನ್ನು ನಿರ್ಧರಿಸುವವರು ಯಾರೆಂಬ ಪ್ರಶ್ನೆ ಬಹುಬೇಗ ಬಾಗಿಲಿಗೆ ಬಂತು. 1525ರಲ್ಲಿ ರೈತರು ತಮ್ಮ ಹನ್ನೆರಡು ಬೇಡಿಕೆಗಳಿಗೆ ಬೈಬಲ್ಲನ್ನೇ ಆಧಾರವಾಗಿಟ್ಟರು. ಲೂಥರ್ ಅವರ ದಂಗೆಯನ್ನು ಅತ್ಯಂತ ಕಟುವಾಗಿ ಖಂಡಿಸಿದನು. 1527ರ ಜನವರಿಯಲ್ಲಿ ಜೂರಿಕ್ಕಿನ ಸುಧಾರಿತ ನಗರಸಭೆ ಶಿಶುವಿನ ದೀಕ್ಷಾಸ್ನಾನವನ್ನು ನಿರಾಕರಿಸಿದ ಫೆಲಿಕ್ಸ್ ಮಾಂಟ್ಸನನ್ನು ನದಿಯಲ್ಲಿ ಮುಳುಗಿಸಿತು. 1529ರ ಅಕ್ಟೋಬರಿನಲ್ಲಿ ಮಾರ್‌ಬರ್ಗಿನಲ್ಲಿ ಲೂಥರನೂ ಟ್ಸ್ವಿಂಗ್ಲಿಯೂ ಕೂಡಿ ಹದಿನೈದು ಅಂಶಗಳನ್ನು ಚರ್ಚಿಸಿ ಹದಿನಾಲ್ಕರಲ್ಲಿ ಒಮ್ಮತಕ್ಕೆ ಬಂದು, ಹದಿನೈದನೆಯದಾದ ಕರ್ತನ ಭೋಜನದ ವಿಷಯದಲ್ಲಿ ಬೇರ್ಪಟ್ಟರು. ಕ್ರಿಸ್ತನ ದೇಹ ರೊಟ್ಟಿಯಲ್ಲಿ ಇದೆಯೋ, ರೊಟ್ಟಿ ಅದನ್ನು ಸೂಚಿಸುತ್ತದೆಯೋ ಎಂಬುದಷ್ಟೇ ಉಳಿದ ವಿವಾದ. ಹೊರಗಿನವರಿಗೆ ಇದು ಹಟವೆಂದು ಕಾಣಬಹುದು. ಆದರೆ ಪೋಪನ ಅಧಿಕಾರವನ್ನು ಒಂದು ಸಿದ್ಧಾಂತದ ಬಲದಿಂದ ನಿರಾಕರಿಸಿದವರು ಆ ಸಿದ್ಧಾಂತದ ಒಂದು ಅಂಶವನ್ನು ರಾಜಕೀಯ ಅನುಕೂಲಕ್ಕಾಗಿ ಬಿಟ್ಟುಕೊಟ್ಟಿದ್ದರೆ ಅವರ ನಿರಾಕರಣೆಗೆ ಉಳಿಯುತ್ತಿದ್ದ ಆಧಾರವಾದರೂ ಏನು?

1527–28ರಲ್ಲಿ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ಪರಿಶೀಲಿಸಲು ಹೋದವರು ಕಂಡ ಅಜ್ಞಾನ ಲೂಥರನನ್ನು ಕಂಗೆಡಿಸಿತು. 1529ರಲ್ಲಿ ಆತ ಪ್ರಕಟಿಸಿದ ಎರಡು ಪ್ರಶ್ನೋತ್ತರ ಬೋಧೆಗಳು ಈ ಅನುಭವದಿಂದ ಹುಟ್ಟಿದವು. ಮನೆಯ ಯಜಮಾನನು ಮಕ್ಕಳಿಗೂ ಆಳುಗಳಿಗೂ ಕಲಿಸಬಹುದಾದ ಕಿರುಪುಸ್ತಕವೊಂದು ಯಾವ ರಾಜಾಜ್ಞೆಗಿಂತಲೂ ಹೆಚ್ಚು ಕಾಲ ನಿಂತಿತು. ಇದೇ ಪರಿಶೀಲನೆ ಇನ್ನೊಂದನ್ನೂ ಮಾಡಿತು: ಬಿಷಪ್ಪನಿಲ್ಲದ ಕಡೆ ಬಿಷಪ್ಪನ ಕೆಲಸವನ್ನು ಆಳುವ ದೊರೆಗೆ ಒಪ್ಪಿಸಿತು. ತಾತ್ಕಾಲಿಕವೆಂದು ಕೊಟ್ಟ ಈ ಅಧಿಕಾರ ಜರ್ಮನಿಯಲ್ಲಿ 1918ರವರೆಗೆ ದೊರೆಗಳ ಕೈಯಲ್ಲಿಯೇ ಉಳಿಯಿತು. 1530ರ ಜೂನ್ 25ರಂದು ಓದಲಾದ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆಯ ಇಪ್ಪತ್ತೆಂಟು ವಿಧಿಗಳಲ್ಲಿ ಮೊದಲ ಇಪ್ಪತ್ತೊಂದು ಸಿದ್ಧಾಂತಕ್ಕೆ, ಉಳಿದ ಏಳು ಅನಾಚಾರಗಳಿಗೆ ಮೀಸಲು; ಕೊನೆಯದು ಬಿಷಪ್ಪನ ಅಧಿಕಾರವನ್ನು ಕುರಿತದ್ದು. ಖಡ್ಗದ ಅಧಿಕಾರವೂ ವಾಕ್ಯದ ಅಧಿಕಾರವೂ ಬೆರೆಯಬಾರದೆಂದು ಅಲ್ಲಿ ಮೆಲಾಂಕ್ಟನ್ ಬರೆದದ್ದನ್ನು, ಅದೇ ಪ್ರಕಟಣೆಗೆ ದೊರೆಗಳು ಸಹಿ ಹಾಕಿದ್ದರ ಜೊತೆಗಿಟ್ಟು ಓದಬೇಕು. 1553ರಲ್ಲಿ ಜಿನೀವಾದಲ್ಲಿ ಸೆರ್ವೇಟಸ್‌ನನ್ನು ಸುಟ್ಟಾಗ, ಮರುವರ್ಷವೇ ಸೆಬಾಸ್ಟಿಯನ್ ಕಸ್ಟೆಲಿಯೋ ಪಾಷಂಡಿಗಳನ್ನು ದಂಡಿಸುವುದರ ವಿರುದ್ಧ ಪುಸ್ತಕ ಹೊರತಂದನು. ಅದರಲ್ಲಿ ಆತ ಎತ್ತಿ ಕೊಟ್ಟ ಸಾಕ್ಷ್ಯಗಳಲ್ಲಿ ಲೂಥರನ ಆರಂಭಕಾಲದ ಮಾತುಗಳೂ ಇದ್ದವು. ಬರೆದಿಟ್ಟ ಮಾತು ಹೀಗೆ ಬರೆದವರ ಪಕ್ಷದ ಮೇಲೆಯೇ ತಿರುಗುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬಹುದು. ಬಸವಣ್ಣ–ಲೂಥರ್ ಹೋಲಿಕೆಯನ್ನು ಮಾಡಲೇಬೇಕೆನ್ನುವವರು ಕಲ್ಯಾಣ ಮತ್ತು ವರ್ಮ್ಸ್‌ಗಳ ನಡುವೆ ಅದನ್ನು ಹುಡುಕುವುದಕ್ಕಿಂತ, ಹದಿನೈದನೆಯ ಶತಮಾನದ ಸಂಕಲನಕಾರರು ಚದುರಿದ ವಚನಗಳನ್ನು ಷಟ್‌ಸ್ಥಲದ ಕ್ರಮದಲ್ಲಿ ಅಳವಡಿಸಿದ ಕಾರ್ಯ ಮತ್ತು ಲೂಥರೋತ್ತರ ವಿಶ್ವಾಸಪ್ರಕಟಣೆಗಳ ನಡುವೆ ಹುಡುಕುವುದು ಲೇಸು. ಚಳುವಳಿಯೊಂದು ತನ್ನ ಮಾತುಗಳನ್ನು ಸಿದ್ಧಾಂತವಾಗಿ ಜೋಡಿಸಿಕೊಳ್ಳುವಾಗ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಬಿಡುತ್ತದೆ ಎಂಬ ಪ್ರಶ್ನೆ ಎರಡೂ ಕಡೆ ಜೀವಂತವಾಗಿದೆ.

ಕನ್ನಡದಲ್ಲಿ 'ಪ್ರತಿಸುಧಾರಣೆ' ಎಂಬ ಒಂದೇ ಪದದಡಿ ಮುಚ್ಚಿಹೋಗಿರುವ ಟ್ರೆಂಟ್ ಮಹಾಸಭೆಯತ್ತ ಈಗ ಬರೋಣ. 1545ರ ಡಿಸೆಂಬರ್ 13ರಂದು ಅದು ಆರಂಭವಾದಾಗ ಅಲ್ಲಿದ್ದ ಬಿಷಪ್ಪರು ಮೂವತ್ತರ ಆಸುಪಾಸು. 1563ರ ಡಿಸೆಂಬರಿನಲ್ಲಿ ಮುಗಿಯುವ ಹೊತ್ತಿಗೆ ಮಧ್ಯೆ ಎರಡು ಬಾರಿ ನಿಂತು, ಮೂರು ಅವಧಿಗಳಲ್ಲಿ ಇಪ್ಪತ್ತೈದು ಅಧಿವೇಶನಗಳನ್ನು ನಡೆಸಿತ್ತು. ಅದರ ಮೊದಲ ಜಗಳವೇ ನಮ್ಮ ವಿಷಯ. ಮೊದಲು ಸಿದ್ಧಾಂತವೋ, ಮೊದಲು ಸುಧಾರಣೆಯೋ? ಪ್ರೊಟೆಸ್ಟೆಂಟರನ್ನು ಸಾಮ್ರಾಜ್ಯದೊಳಗೆ ಉಳಿಸಿಕೊಳ್ಳಬೇಕಾಗಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸ್‌ಗೆ ಅನಾಚಾರಗಳ ನಿವಾರಣೆ ಮೊದಲಾಗಬೇಕಿತ್ತು, ಸಿದ್ಧಾಂತದ ತೀರ್ಪು ಮುಂದೆ ಹೋಗಬೇಕಿತ್ತು. ಪೋಪ್ ಮೂರನೆಯ ಪೌಲನಿಗೆ ಸಿದ್ಧಾಂತದ ತೀರ್ಪು ಮೊದಲಾಗಬೇಕಿತ್ತು. ಸುಧಾರಣೆಯ ಮಾತು ಬಂದರೆ ಅದು ತನ್ನ ಆಸ್ಥಾನದ ಕಡೆಗೆ ತಿರುಗುವುದೆಂಬ ಅಳುಕು ಆತನಿಗಿತ್ತು. 1546ರ ಜನವರಿಯಲ್ಲಿ ಮಹಾಸಭೆ ಎರಡನ್ನೂ ಜೊತೆಜೊತೆಯಾಗಿ ನಡೆಸಲು ನಿರ್ಧರಿಸಿತು. ಪೋಪ್ ಅಸಮಾಧಾನಪಟ್ಟರೂ ಆತನ ಪ್ರತಿನಿಧಿಗಳೇ ಅದನ್ನು ಒಪ್ಪಿಸಿದರು. ಟ್ರೆಂಟಿನ ನಿರ್ಣಯಗಳನ್ನು ಓದುವವರಿಗೆ ಸಿದ್ಧಾಂತದ ವಿಧಿಯ ಬೆನ್ನಿಗೇ ಸುಧಾರಣೆಯ ವಿಧಿ ಬರುವುದು ವಿಚಿತ್ರವಾಗಿ ಕಾಣಬಹುದು. ಆ ಜೋಡಣೆ ಒಂದು ರಾಜಿಯ ಫಲ. ಬಹುಶಃ ಆ ಮಹಾಸಭೆಯ ಅತ್ಯಂತ ಜಾಣತನದ ಕೆಲಸವೂ ಅದೇ.

ಬಿಷಪ್ಪನು ತನ್ನ ಪ್ರಾಂತ್ಯದಲ್ಲಿ ವಾಸಿಸಬೇಕೆಂಬ ಒಂದು ನಿಯಮವನ್ನೇ ತೆಗೆದುಕೊಳ್ಳೋಣ. ಇದಕ್ಕಿಂತ ಸಾಮಾನ್ಯವಾದ ಸುಧಾರಣೆ ಇನ್ನೊಂದಿಲ್ಲ. ಎರಡು ಮೂರು ಪ್ರಾಂತ್ಯಗಳ ಆದಾಯ ತಿನ್ನುತ್ತ ರೋಮಿನಲ್ಲಿಯೋ ದೊರೆಯ ಆಸ್ಥಾನದಲ್ಲಿಯೋ ಇರುವ ಬಿಷಪ್ಪರನ್ನು ಊರಿಗೆ ಕಳುಹಿಸುವುದಷ್ಟೇ ಅದರ ಉದ್ದೇಶ. ಈ ಚಿಕ್ಕ ಮಾತಿಗಾಗಿ ಮಹಾಸಭೆ 1562ರಲ್ಲಿ ಒಡೆದುಹೋಗುವ ಹಂತಕ್ಕೆ ಬಂತು. ಗ್ರನಾಡದ ಆರ್ಚ್‌ಬಿಷಪ್ ಪೇದ್ರೋ ಗೆರೇರೋನ ನೇತೃತ್ವದಲ್ಲಿ ಸ್ಪೇನಿನ ಬಿಷಪ್ಪರು ವಾಸದ ಕರ್ತವ್ಯ ದೈವವಿಧಿಯೆಂದು ಘೋಷಿಸಬೇಕೆಂದು ಪಟ್ಟುಹಿಡಿದರು. ಅದು ಸಭೆಯ ವಿಧಿಯಾದರೆ ಪೋಪ್ ಅದಕ್ಕೆ ವಿನಾಯಿತಿ ಕೊಡಬಲ್ಲ, ದೈವವಿಧಿಯಾದರೆ ಕೊಡಲಾರ. ವಿನಾಯಿತಿಗಳ ಮೇಲೆಯೇ ರೋಮಿನ ಆಡಳಿತಯಂತ್ರ ಬದುಕಿತ್ತು. ಬಿಷಪ್ಪರ ಆಳುವ ಅಧಿಕಾರ ಪೋಪನ ಮೂಲಕವೇ ಬರುವುದೆಂದು ಯೇಸುಸಭೆಯ ದಿಯೇಗೋ ಲಾಯ್ನೆಸ್ ಎದುರುವಾದ ಹೂಡಿದನು. 1562ರ ಸೆಪ್ಟೆಂಬರಿನಿಂದ 1563ರ ಜುಲೈವರೆಗೆ ಹತ್ತು ತಿಂಗಳು ಒಂದೇ ಒಂದು ವಿಧ್ಯುಕ್ತ ಅಧಿವೇಶನವೂ ನಡೆಯಲಿಲ್ಲ. ಕೊನೆಗೆ ಕಾರ್ಡಿನಲ್ ಮೊರೋನೆ ನಾಜೂಕಾದ ಮಾತೊಂದನ್ನು ಕಂಡುಹಿಡಿದನು. ಕುರುಬನು ತನ್ನ ಕುರಿಗಳನ್ನು ಅರಿತಿರಬೇಕೆಂಬುದು ದೈವಾಜ್ಞೆ ಎಂದು ಹೇಳಿ, ವಾಸವೇ ದೈವವಿಧಿಯೆಂದು ಹೇಳದೆ, ವಾಸವನ್ನು ಕಡ್ಡಾಯ ಮಾಡಲಾಯಿತು. ಸುಧಾರಣೆ ಗೆದ್ದಿತು, ಅದರ ಸೈದ್ಧಾಂತಿಕ ಆಧಾರ ಮಾತ್ರ ಅರ್ಧದಲ್ಲಿ ನಿಂತಿತು.

ಅದೇ 1563ರ ಜುಲೈ 15ರ ಅಧಿವೇಶನ ಪ್ರತಿ ಪ್ರಾಂತ್ಯದಲ್ಲಿಯೂ ಗುರುಗಳ ತರಬೇತಿಗೆ ಗುರುಮಠವೊಂದು ಇರಬೇಕೆಂದೂ, ಹನ್ನೆರಡು ವರ್ಷಕ್ಕೆ ಕಡಿಮೆಯಿಲ್ಲದ ಹುಡುಗರನ್ನು, ಬಡವರಿಗೆ ಆದ್ಯತೆ ಕೊಟ್ಟು, ಸೇರಿಸಿಕೊಳ್ಳಬೇಕೆಂದೂ ವಿಧಿಸಿತು. ಗುರುಪದವಿ ವಂಶದ ಆಸ್ತಿಯಂತೆ ನಡೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮಿಲಾನಿನಲ್ಲಿ ಸುಮಾರು ಎಂಬತ್ತು ವರ್ಷಗಳಿಂದ ಆರ್ಚ್‌ಬಿಷಪ್ ವಾಸವೇ ಇರಲಿಲ್ಲ. 1565ರಲ್ಲಿ ಅಲ್ಲಿಗೆ ಬಂದ ಕಾರ್ಲೋ ಬೊರೊಮೇಯೋ 1584ರಲ್ಲಿ ಸಾಯುವವರೆಗೆ ಹನ್ನೊಂದು ಪ್ರಾಂತ್ಯಸಭೆಗಳನ್ನು ಸೇರಿಸಿ, ಹಳ್ಳಿಹಳ್ಳಿ ತಿರುಗಿ ಆ ವಿಧಿಗಳನ್ನು ನಡೆಯಿಸಿದನು. ಲ್ಯಾಟರನ್ನಿನ ವಿಧಿಗಳು ಸತ್ತು ಟ್ರೆಂಟಿನವು ಬದುಕಿದ್ದಕ್ಕೆ ಇಂಥವರೂ ಒಂದು ಕಾರಣ. ಆದರೆ ಗುರುವಿನ ಕೆಲಸ ಏನು, ಸಂಸ್ಕಾರವೆಂದರೇನು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡಿದ್ದರಿಂದಲೇ ಗುರುವನ್ನು ಯಾವುದಕ್ಕಾಗಿ ತರಬೇತುಗೊಳಿಸಬೇಕೆಂಬುದು ಸ್ಪಷ್ಟವಾಯಿತೆಂಬುದನ್ನು ಮರೆಯಬಾರದು.

ಇದರ ಇನ್ನೊಂದು ಮುಖವನ್ನು ವೆನಿಸಿನ ಪಾವೊಲೋ ಸಾರ್ಪಿಯಷ್ಟು ನಿಷ್ಠುರವಾಗಿ ಕಂಡವರಿಲ್ಲ. ಗುಪ್ತನಾಮದಲ್ಲಿ 1619ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆತನ ಟ್ರೆಂಟ್ ಚರಿತ್ರೆಯ ವಾದ ಸರಳ: ಬಿರುಕನ್ನು ಮುಚ್ಚಲು ಬಯಸಿದ ಮಹಾಸಭೆ ಅದನ್ನು ಶಾಶ್ವತಗೊಳಿಸಿತು, ಕಳೆದುಕೊಂಡ ಅಧಿಕಾರವನ್ನು ಮರಳಿ ಪಡೆಯಲು ಬಂದ ಬಿಷಪ್ಪರು ಇದ್ದುದನ್ನೂ ಕಳೆದುಕೊಂಡರು. ಸಾರ್ಪಿಗೆ ರೋಮಿನ ಮೇಲೆ ವೈಯಕ್ತಿಕ ಸಿಟ್ಟಿತ್ತು, ನಿಜ. ಆದರೂ 1564ರಲ್ಲಿ ನಾಲ್ಕನೆಯ ಪಯಸ್ ನಿರ್ಣಯಗಳನ್ನು ಸ್ಥಿರೀಕರಿಸುವಾಗ ಅವುಗಳ ಮೇಲೆ ಅನುಮತಿಯಿಲ್ಲದೆ ಟೀಕೆ ಬರೆಯುವುದನ್ನು ನಿಷೇಧಿಸಿ, ಅದೇ ವರ್ಷ ಅವುಗಳ ಜಾರಿಯನ್ನು ಕಾರ್ಡಿನಲ್ಲರ ಸಮಿತಿಯೊಂದಕ್ಕೆ ವಹಿಸಿದ್ದನ್ನು ನೋಡಿದರೆ ಸಾರ್ಪಿಯ ಮಾತನ್ನು ತಳ್ಳಿಹಾಕಲಾಗುವುದಿಲ್ಲ. ಸಿದ್ಧಾಂತವನ್ನು ಬರೆಯುವವರೆಗೆ ಅಧಿಕಾರ ಅಂಜಿತು. ಬರೆದಾದ ಮೇಲೆ ಅದರ ವ್ಯಾಖ್ಯಾನವನ್ನು ವಶಪಡಿಸಿಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಹ್ಯೂಬರ್ಟ್ ಯೆಡಿನ್ ಮೂಲದಾಖಲೆಗಳ ಬಲದಿಂದ ಸಾರ್ಪಿಯ ಅನೇಕ ಆರೋಪಗಳನ್ನು ತಿದ್ದಿದನಾದರೂ ಈ ಒಂದು ಅಂಶ ಹಾಗೆಯೇ ಉಳಿದಿದೆ.

ಕೇಳುವವರಿಗೆ ಪಾಲಿಲ್ಲದ ಸಿದ್ಧಾಂತ ಹೇಗೆ ಬರಿಯ ಅಧಿಕಾರವಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆಯಿದೆ. 1599ರ ಜೂನಿನಲ್ಲಿ ಗೋವೆಯ ಆರ್ಚ್‌ಬಿಷಪ್ ಅಲೇಷೋ ದ ಮೆನೇಜಿಸ್ ಕೊಚ್ಚಿಯ ಬಳಿಯ ಉದಯಂಪೇರೂರಿನಲ್ಲಿ ಸಂತ ತೋಮನ ಕ್ರೈಸ್ತರನ್ನು ಸೇರಿಸಿ ಟ್ರೆಂಟಿನ ಮಾದರಿಯ 'ಸುಧಾರಣೆ'ಯನ್ನು ಹೇರಿದನು. ವಿಧಿಗಳು ಮೊದಲೇ ಪೋರ್ಚುಗೀಸಿನಲ್ಲಿ ಸಿದ್ಧವಾಗಿ ಮಲಯಾಳಕ್ಕೆ ಅನುವಾದಗೊಂಡಿದ್ದವು. ಸೇರಿದವರಿಗೆ ಉಳಿದದ್ದು ಸಹಿ ಹಾಕುವ ಕೆಲಸ. ಸಿರಿಯಾಕ್ ಗ್ರಂಥಗಳು ತಿದ್ದುಪಡಿಗೊಂಡವು, ಇಲ್ಲವೆ ಬೆಂಕಿಗೆ ಬಿದ್ದವು. ಟ್ರೆಂಟಿನಲ್ಲಿ ಹತ್ತು ತಿಂಗಳು ನಡೆದ ಜಗಳ ಇಲ್ಲಿ ಹತ್ತು ದಿನವೂ ನಡೆಯಲಿಲ್ಲ. ಉತ್ತರ 1653ರಲ್ಲಿ ಮಟ್ಟಾಂಚೇರಿಯ ಶಿಲುಬೆಯೆದುರು ಮಾಡಿದ ಪ್ರಮಾಣದ ರೂಪದಲ್ಲಿ ಬಂತು.

ಕನ್ನಡಕ್ಕೆ ಈ ವಿವಾದ ಬಂದದ್ದು ಬೇರೊಂದು ಬಗೆಯಲ್ಲಿ, ಮುಖ್ಯವಾಗಿ ಶಬ್ದಗಳ ಮೂಲಕ. ಮನುಷ್ಯನು ದೇವರೆದುರು ಹೇಗೆ ನೀತಿವಂತನಾಗುತ್ತಾನೆಂಬುದೇ ಲೂಥರ್ ಮತ್ತು ಟ್ರೆಂಟ್ ನಡುವಿನ ಮೂಲಪ್ರಶ್ನೆ. ಲೂಥರ್ ಪಂಥದ ನಿರೂಪಣೆಯಲ್ಲಿ ದೇವರು ಪಾಪಿಯನ್ನು ಕ್ರಿಸ್ತನ ಪ್ರಯುಕ್ತ ನೀತಿವಂತನೆಂದು ತೀರ್ಪು ಕೊಡುತ್ತಾನೆ. 1547ರ ಜನವರಿಯ ಟ್ರೆಂಟ್ ವಿಧಿಯಲ್ಲಿ ಅದು ಪಾಪಕ್ಷಮೆಯಷ್ಟೇ ಅಲ್ಲದೆ ಒಳಗಿನ ಮನುಷ್ಯನು ಹೊಸಬನಾಗುವುದೂ ಹೌದು. ಪ್ರೊಟೆಸ್ಟೆಂಟ್ ಮಿಶನ್ನುಗಳ ಪರಂಪರೆಯ ಕನ್ನಡ ಬೈಬಲ್ಲಿನಲ್ಲಿ ಪೌಲನ ಪತ್ರಿಕೆಗಳಲ್ಲಿ ಬರುವ ಗ್ರೀಕ್ ಪದಕ್ಕೆ 'ನೀತಿವಂತನೆಂಬ ನಿರ್ಣಯ' ಎಂಬ ಮಾತು ರೂಢವಾಗಿದೆ. 'ನಿರ್ಣಯ' ಎಂಬುದು ನ್ಯಾಯಸ್ಥಾನದ ಪದ. 'ನೀತಿವಂತನನ್ನಾಗಿ ಮಾಡು' ಎಂದಿದ್ದರೆ ವಾಕ್ಯ ಟ್ರೆಂಟಿನ ಕಡೆಗೆ ವಾಲುತ್ತಿತ್ತು. ಭಾಷಾಂತರಕಾರನು ಸಿದ್ಧಾಂತವನ್ನು ಬದಿಗಿಟ್ಟು ಇಲ್ಲಿ ಒಂದು ಪದವನ್ನೂ ಆರಿಸಲಾರ. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಮೂಲದಲ್ಲಿಲ್ಲದ 'ಮಾತ್ರ' ಎಂಬರ್ಥದ ಪದವನ್ನು ಲೂಥರ್ ತನ್ನ 1522ರ ಜರ್ಮನ್ ಅನುವಾದದಲ್ಲಿ ಸೇರಿಸಿ, 1530ರಲ್ಲಿ ಭಾಷಾಂತರವನ್ನು ಕುರಿತ ಬಹಿರಂಗ ಪತ್ರದಲ್ಲಿ ಅದನ್ನು ಜರ್ಮನ್ ನುಡಿಯ ಜಾಯಮಾನದ ಹೆಸರಿನಲ್ಲಿ ಸಮರ್ಥಿಸಿದನು. ಕನ್ನಡದಲ್ಲಿ ಇಷ್ಟಕ್ಕೆ ಬೇರೆ ಪದವೇ ಬೇಡ. 'ನಂಬಿಕೆಯಿಂದ' ಎಂಬುದಕ್ಕೂ 'ನಂಬಿಕೆಯಿಂದಲೇ' ಎಂಬುದಕ್ಕೂ ನಡುವೆ ಒಂದು ಏಕಾರವಿದೆ. ಯೂರೋಪನ್ನು ಇಬ್ಭಾಗ ಮಾಡಿದ ವಿವಾದ ನಮ್ಮ ವ್ಯಾಕರಣದಲ್ಲಿ ಅವಧಾರಣೆಯ ಒಂದು ಸ್ವರದಷ್ಟು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಈ ದೃಷ್ಟಿಯಿಂದ ಕುತೂಹಲಕರ. ವ್ಯೂರ್ಟೆಂಬರ್ಗಿನ ಲೂಥರ್ ಪಂಥೀಯರೂ ಸ್ವಿಟ್ಸರ್ಲೆಂಡಿನ ಸುಧಾರಿತ ಪಂಥೀಯರೂ ಅದರಲ್ಲಿ ಒಟ್ಟಿಗೆ ಕೆಲಸಮಾಡಿದರು. ಮಾರ್‌ಬರ್ಗಿನಲ್ಲಿ ಬೇರ್ಪಟ್ಟವರ ವಾರಸುದಾರರು ಮಂಗಳೂರಿನಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರು. ಅವರು ಸಿದ್ಧಾಂತದ ಭಿನ್ನತೆಯನ್ನು ಬಗೆಹರಿಸಿಕೊಂಡಿದ್ದರೋ, ಮಿಶನ್ನಿನ ಆಡಳಿತ ಸಮಿತಿಯ ಅಧಿಕಾರದಡಿ ಅದನ್ನು ಮೌನವಾಗಿ ಇಟ್ಟಿದ್ದರೋ ಎಂಬುದು ಅವರ ಕನ್ನಡ ಪ್ರಶ್ನೋತ್ತರ ಬೋಧೆಗಳಲ್ಲಿ ಕರ್ತನ ಭೋಜನದ ಭಾಗವನ್ನು ಓದಿದರೆ ತಿಳಿಯಬೇಕಾದ ವಿಷಯ. ನಮ್ಮಲ್ಲಿ ಮಿಶನರಿ ಸಾಹಿತ್ಯದ ಅಧ್ಯಯನ ಕಿಟ್ಟೆಲ್ಲರ ನಿಘಂಟು, ಮೊಗ್ಲಿಂಗರ ಪತ್ರಿಕೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳ ಸುತ್ತ ಬೆಳೆದಿದೆ. ಬೋಧನಾಪುಸ್ತಕಗಳನ್ನು ಮತಪ್ರಚಾರದ ಸರಕೆಂದು ಬದಿಗಿಡಲಾಗಿದೆ. ಕನ್ನಡ ಗದ್ಯ ಸೂಕ್ಷ್ಮವಾದ ತಾತ್ವಿಕ ಭೇದಗಳನ್ನು ಹೇಳಲು ಹೆಣಗಿದ ಆರಂಭಕಾಲದ ತಾಣಗಳಲ್ಲಿ ಅವೂ ಸೇರಿವೆ ಎಂಬುದನ್ನು ಈ ಉಪೇಕ್ಷೆ ಮರೆಯಿಸುತ್ತದೆ.

ಹದಿನಾರನೆಯ ಶತಮಾನದ ಖಂಡನೆಗಳ ಕಡತ ಇನ್ನೂ ಪೂರ್ತಿ ಮುಚ್ಚಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕ್ರೈಸ್ತ ಐಕ್ಯವನ್ನು ಕುರಿತ ತನ್ನ ನಿರ್ಣಯದಲ್ಲಿ ಸಭೆಗೆ ನಿರಂತರ ಸುಧಾರಣೆ ಬೇಕೆಂದು ಒಪ್ಪಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭ್ಯತ್ವವೂ ಕೂಡಿ ಸಹಿ ಹಾಕಿದ ಜಂಟಿ ಘೋಷಣೆ, ಅದರಲ್ಲಿ ನಿರೂಪಿತವಾದ ಬೋಧೆಗೆ ಪರಸ್ಪರ ಖಂಡನೆಗಳು ತಗಲುವುದಿಲ್ಲವೆಂದು ಸಾರಿತು. ಮೆಥಡಿಸ್ಟರು 2006ರಲ್ಲಿ, ಸುಧಾರಿತ ಸಭೆಗಳ ಒಕ್ಕೂಟ 2017ರಲ್ಲಿ ಅದನ್ನು ಸೇರಿಕೊಂಡವು. ಸಹಿಗೆ ಒಂದು ವರ್ಷ ಮೊದಲು, 1998ರಲ್ಲಿ, ರೋಮು ಕೊಟ್ಟ ಅಧಿಕೃತ ಪ್ರತಿಕ್ರಿಯೆ ಒಂದು ಸಂದೇಹವನ್ನು ಎತ್ತಿತ್ತು. ಲೂಥರನ್ ಸಭೆಗಳ ಪ್ರತಿನಿಧಿಸಮಿತಿಗಳು ಸೇರಿ ತಲುಪಿದ ಒಮ್ಮತಕ್ಕೆ ಇಂದು ಇರುವ ಅಧಿಕಾರವೇನು, ನಾಳೆಯೂ ಅದು ಉಳಿಯುವುದೇ ಎಂಬುದು ಆ ಸಂದೇಹ. ಲೈಪ್ಸಿಗ್ಗಿನಲ್ಲಿ ಎಕ್ ಕೇಳಿದ್ದೂ ಬಹುಮಟ್ಟಿಗೆ ಇದನ್ನೇ.